ಕಾಕಾ ಮುರಿದ ಗುರುವಾರ

ಸೋಲಾಪುರದ ನವಿ ಪೇಠದಲ್ಲಿ ಕಾಕಾನ ಅಂಗಡಿಯ ಶಟರಿಗೆ ಕಟ್ಟಿದ ಶ್ರದ್ಧಾಂಜಲಿಯ ಫ್ಲೆಕ್ಸನ್ನು ಇನ್ನೂ ಯಾರೂ ಇಳಿಸಿಲ್ಲ. ಫೋಟೊದಲ್ಲಿ ಬಿಳಿ ಟೋಪಿ, ಸುತ್ತ ಚೆಂಡು ಹೂವಿನ ಚಿತ್ರ, ಕೆಳಗೆ ಮರಾಠಿಯಲ್ಲಿ ಮೂರು ಬಿರುದು: ಅಜಾತಶತ್ರು, ಸತ್ಯವಚನಿ, ಮಿತಭಾಷಿ. ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಯಾರಾದರೂ ಒಂದು ಮಾತು ಮುಂದಿಟ್ಟರೆ ಅದನ್ನು ಹಾಗೇ ದಾಟಿ ಹೋಗಲು ನನಗೆ ಬರುವುದಿಲ್ಲ. ಮೂರನ್ನೂ ಖಂಡಿಸುತ್ತೇನೆ.

ಅಜಾತಶತ್ರುವಂತೆ! ಪಕ್ಕದ ಪಾತ್ರೆ ಅಂಗಡಿಯವರ ಜೊತೆ ಸ್ಕೂಟರ್ ನಿಲ್ಲಿಸುವ ಜಾಗಕ್ಕಾಗಿ ಅವರು ಆಡಿದ ಜಗಳ ನನ್ನ ವಯಸ್ಸಿನಷ್ಟು ಹಳೆಯದು. ಸತ್ಯವಚನಿಯೋ? ಬಟ್ಟೆ ಅಂಗಡಿಯವರು ಅವರು. "ಈ ಬಣ್ಣದಾಗ ಇದೊಂದ ಪೀಸ್ ಉಳದೈತಿ ನೋಡವಾ, ನಿನಗಂತ ಇಟ್ಟಿದ್ದೆ" ಎಂದು ಸೀರೆ ಹರಡುವಾಗ ಅದೇ ಸೀರೆಯ ಅಕ್ಕತಂಗಿಯರು ಒಳಗಿನ ಕೋಣೆಯಲ್ಲಿ ಕಟ್ಟುಕಟ್ಟಾಗಿ ಕೂತಿರುತ್ತಿದ್ದರು. ಇನ್ನು ಮಿತಭಾಷಿ ಎಂಬುದನ್ನು ಓದಿ ನಮ್ಮಪ್ಪ, ಅಳುತ್ತಿದ್ದವನು, ನಕ್ಕುಬಿಟ್ಟ.

ನಮ್ಮದು ಎದುರಿಗೇ ಇರುವ ಗುಂಡಿ-ಲೇಸಿನ ಅಂಗಡಿ. ಪೇಠೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಕಾಕಾ ಎಂದೇ, ನಾನೂ ಹಾಗೇ. ಅವರು ನನ್ನನ್ನು ಕರೆಯುತ್ತಿದ್ದುದು 'ವಕೀಲಸಾಹೇಬ್ರ' ಎಂದು. ಲಾ ಕಾಲೇಜಿಗೆ ಸೇರುವ ಮೊದಲೇ ಆ ಪದವಿ ಕೊಟ್ಟಿದ್ದರು. ದೇವರಿಂದ ಹಿಡಿದು ಜಿ.ಎಸ್.ಟಿ.ವರೆಗೆ ಯಾವುದರ ಮೇಲಾದರೂ ನಾವಿಬ್ಬರು ವಾದಕ್ಕೆ ನಿಲ್ಲುತ್ತಿದ್ದೆವು. ಅವರ ಮಾತು ತುದಿಗೆ ಬಂದು, ಇನ್ನು ಜಾರಲು ದಾರಿಯಿಲ್ಲ ಎಂದಾದಾಗ ಕೈ ಎತ್ತಿ ಹೇಳುತ್ತಿದ್ದರು: "ಆತು, ನೀ ಗೆದ್ದಿ. ಈಗ ಚಹಾ ಕುಡಿ." ಆ ಚಹಾ ಕುಡಿದು ಮುಗಿಸುವಷ್ಟರಲ್ಲಿ, ಗೆದ್ದದ್ದು ನಾನೇ ಹೌದೋ ಎಂಬ ಅನುಮಾನ ಬರುತ್ತಿತ್ತು.

ಮಾತಾಡುವಾಗ ಎದುರಿನವರ ತೋಳೋ, ಸೆರಗೋ, ಟವೆಲ್ಲಿನ ಅಂಚೋ ಅವರ ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿಸಿಕೊಳ್ಳುತ್ತಿತ್ತು. ಬಟ್ಟೆಯ ಗುಣ ನೋಡುವ ಚಟ. "ಯಾರ ಹತ್ರ ತಗೊಂಡಿ ಇದನ್ನ? ಎರಡ ಸಲ ಒಗದ್ರ ಜಾಳಿಗಿ ಆಗತೈತಿ" ಎಂದು ಒಮ್ಮೆ ನಮ್ಮ ಪ್ರಿನ್ಸಿಪಾಲರ ಕೋಟು ಹಿಡಿದೇ ಹೇಳಿದ್ದರು.

ಅವರ ಅಂಗಡಿ ನಡೆಯುತ್ತಿದ್ದುದು ಬಸ್ತಾದ ಮೇಲೆ. ನಮ್ಮ ಕಡೆ ಲಗ್ನ ಗೊತ್ತಾದರೆ ಎರಡೂ ಬೀಗರ ಮನೆಯವರು ಗಾಡಿ ಮಾಡಿಕೊಂಡು ಸೋಲಾಪುರಕ್ಕೆ ಬಂದು, ಒಂದೇ ಅಂಗಡಿಯಲ್ಲಿ ಕೂತು, ಮದುಮಗಳ ಶಾಲು ಸೀರೆಯಿಂದ ಹಿಡಿದು ದೂರದ ಚಿಕ್ಕಮ್ಮನ ಕುಪ್ಪಸದವರೆಗೆ ಇಡೀ ಜವಳಿ ತೆಗೆಯುತ್ತಾರೆ. ಅದು ಬಸ್ತಾ. ಬೆಳಿಗ್ಗೆ ಕೂತವರು ಸಂಜೆಗೆ ಏಳುತ್ತಾರೆ. ಮಧ್ಯಾಹ್ನದ ಊಟ ಅಂಗಡಿಯವರದು. ಯಾರು ಮುನಿಸಿಕೊಂಡರು, ಯಾರ ಸೀರೆಯನ್ನು ಯಾರು ಆರಿಸಿದರು, ಯಾವ ಅತ್ತೆ ಯಾವ ಬಣ್ಣಕ್ಕೆ ಮೂಗು ಮುರಿದಳು, ಎಲ್ಲ ಕಾಕಾನ ತಲೆಯಲ್ಲಿ ಇರುತ್ತಿತ್ತು. ಅಕ್ಕಲಕೋಟ ಮತ್ತು ದಕ್ಷಿಣ ಸೋಲಾಪುರದ ಹಳ್ಳಿಗಳ ಅರ್ಧ ಸಂಸಾರಗಳ ಮೊದಲ ಜಗಳ ಆ ಗಾದಿಯ ಮೇಲೆ ಆದದ್ದು.

ನಾಗಣಸೂರಿನ ಮಲ್ಲಿನಾಥ ಮತ್ತು ಸವಿತಾ ಹಾಗೆ ಬಸ್ತಾ ತೆಗೆದುಕೊಂಡು ಹೋದವರು. ಮತ್ತೆ ಬಂದಾಗ ಸವಿತಾಳ ತೊಡೆಯ ಮೇಲೆ ಮಗಳು ಆರೋಹಿ ಇದ್ದಳು. ಕೂರಿಸಿದರೆ ಇನ್ನೂ ಒಂದು ಕಡೆಗೆ ವಾಲುವ ವಯಸ್ಸು. ಒಂದು ವಾದ ಗೆದ್ದು ನಾನು ಚಹಾ ಕುಡಿಯುತ್ತ ಕೂತಿದ್ದೆ.

"ಮೆತ್ತನ್ನ ಮಲಮಲ್ ಕೊಡ್ರಿ ಕಾಕಾ. ಬ್ಯಾರೆ ಯಾವುದೂ ಮೈಗಿ ತಾಗಬಾರದಂತ ಡಾಕ್ಟರ್ ಹೇಳ್ಯಾರ" ಎಂದಳು ಸವಿತಾ.

ಕಾಕಾ ರೂಢಿಯಂತೆ ಕೂಸಿನ ಅಂಗಿಯ ಅಂಚು ಹಿಡಿದರು. ಅಂಗಿ ಸರಿದು ಕೆಳಗಿನ ತೊಡೆ ಕಂಡಿತು. ಅಲ್ಲಲ್ಲಿ ನೀಲಿ.

"ಬಿದ್ದಿತ್ತೇನ?"

"ಬಿದ್ದಿಲ್ರಿ" ಎಂದ ಮಲ್ಲಿನಾಥ. "ಎತ್ತಿದ್ರನ ಹಿಂಗ ಆಗತೈತಿ."

ಪುಣೆಯ ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ಇಳಿದಿದ್ದರು. ಎಲುಬಿನ ಒಳಗೆ ರಕ್ತ ಹುಟ್ಟುವ ಜಾಗವೇ ಆ ಕೂಸಿಗೆ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಬೇರೆಯವರ ಮಜ್ಜೆಯಿಂದ ತೆಗೆದು ಕೂಸಿಗೆ ಹಾಕಬೇಕು; ಆದರೆ ಅದು ಹೊಂದಬೇಕು. ಬೆನ್ನಿಗೆ ಹುಟ್ಟಿದವರಿಲ್ಲ. ಅಪ್ಪ ಅವ್ವನದು ಅರ್ಧ ಮಾತ್ರ ಹೊಂದುತ್ತದೆ, ಅದು ಕೊನೆಯ ದಾರಿ, ಕೂಸು ತಡೆಯುವ ಭರವಸೆ ಕಡಿಮೆ ಎಂದಿದ್ದರು ಡಾಕ್ಟರು. ಪೂರ್ತಿ ಹೊಂದುವವರು ಎಲ್ಲಿಯಾದರೂ ಇರಬಹುದು. ನಿಮ್ಮ ಜನರಲ್ಲೇ ಇರುವ ಸಾಧ್ಯತೆ ಹೆಚ್ಚು. ಆದಷ್ಟು ಮಂದಿಯ ಕೆನ್ನೆಯ ಒಳಗಿಂದ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆಸಿ ನೋಡಿ ಎಂದಿದ್ದರು. ಅದನ್ನು ತೆಗೆಯುವ ಸಂಸ್ಥೆಯವರು ಮಂದಿ ಕೂಡುವ ಕಡೆ ತಾವೇ ಬರುತ್ತಾರೆ. ಮಂದಿಯನ್ನು ಕೂಡಿಸುವುದು ಯಾರು?

ಇದನ್ನೆಲ್ಲ ಮಲ್ಲಿನಾಥ ಪಾಠ ಒಪ್ಪಿಸಿದಂತೆ ಹೇಳಿದ. ನಾನು ಎರಡು ಸಲ ಕೇಳಿ ತಿಳಿದುಕೊಂಡೆ. ಕಾಕಾಗೆ ಒಂದೇ ಸಲಕ್ಕೆ ತಿಳಿಯಿತು.

"ಮ್ಯಾಚಿಂಗ್" ಎಂದರು. "ಸೀರಿಗಿ ಕುಪ್ಪಸ ಹುಡುಕಿದಂಗ. ಅಂಗಡ್ಯಾಗ ಒಂದ ಬಣ್ಣ ಕಂಡ್ರೂ ಬಿಸಲಾಗ ಹಿಡದ್ರ ಬ್ಯಾರೆ ಆಗತೈತಿ. ಹೌದಿಲ್ಲ?"

ಹೌದು ಎಂದ ಮಲ್ಲಿನಾಥ.

"ಮತ್ತ ಹುಡುಕೂದು. ಎಷ್ಟ ಥಾನ ಬಿಚ್ಚಬೇಕೋ ಅಷ್ಟ ಬಿಚ್ಚೂದು."

ಅವರು ಹೋದ ಮೇಲೆ ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಸಂಬಂಧವಿಲ್ಲದವರಲ್ಲಿ ಪೂರ್ತಿ ಹೊಂದುವವರು ಸಿಗುವುದು ಎಷ್ಟು ಕಷ್ಟ, ಒಂದು ತಾಲೂಕಿನ ಜನ ಆ ಲೆಕ್ಕಕ್ಕೆ ಎಷ್ಟು ಕಡಿಮೆ ಎಂದು ಫೋನಿನಲ್ಲಿ ಓದಿ ಓದಿ ಕಾಕಾಗೆ ಹೇಳಿದೆ. ಆಸೆ ಹುಟ್ಟಿಸುವುದೂ ಒಂದು ಹೊಣೆ, ಅದು ಸುಳ್ಳಾದರೆ ಆ ಹೆಣ್ಣುಮಗಳಿಗೆ ಎರಡು ಸಲ ಪೆಟ್ಟು ಎಂದೆ. ಕಾಕಾ ಮಲಮಲ್ಲಿನ ಥಾನನ್ನು ಮತ್ತೆ ಸುತ್ತಿಡುತ್ತಿದ್ದರು.

"ನೀ ಹೇಳೂದು ಖರೇ ಐತಿ. ಆದ್ರ ನಾ ಏನ ಮಾಡ್ಲಿ ಹೇಳು? ಕುಂದ್ರಲೇನ?"

ಆ ಸಲ ಅವರು 'ನೀ ಗೆದ್ದಿ' ಎನ್ನಲಿಲ್ಲ.

ಮರುದಿನದಿಂದ ಅಂಗಡಿ ಅವರ ಮಗನ ಮೇಲೆ ಬಿತ್ತು. ಪೇಠೆಯವರು ಮೊದಲು ಜೇಬಿಗೆ ಕೈ ಹಾಕಿದರು, ಅದು ಅವರಿಗೆ ಗೊತ್ತಿರುವ ಸಹಾಯ. ಕಾಕಾ ಕೈ ಅಡ್ಡ ಹಿಡಿದರು. "ರೊಕ್ಕಾ ಒಳಗ ಇಡ್ರಿ. ನನಗ ನಿಮ್ಮ ಗಲ್ಲ ಬೇಕು. ನಿಮ್ದಲ್ಲ, ನೀವು ಮುದುಕ ಆಗೀರಿ. ನಿಮ್ಮ ಮಗಂದು, ಸೊಸೀದು." ಐವತ್ತು ದಾಟಿದವರದು ನಡೆಯುವುದಿಲ್ಲ ಎಂದು ಸಂಸ್ಥೆಯವರು ಮೊದಲೇ ಹೇಳಿದ್ದರು.

ನಾನು ವಾಟ್ಸಾಪಿಗೆ ಒಂದು ಒಳ್ಳೆಯ ಮನವಿ ಬರೆದುಕೊಟ್ಟೆ. ಮಂದಿ ಕೈ ಮುಗಿದ ಚಿತ್ರ ಹಾಕಿದರು, ಕಣ್ಣೀರಿನ ಚಿತ್ರ ಹಾಕಿದರು, ಮುಂದಕ್ಕೆ ಕಳಿಸಿದರು. "ಇವರೆಲ್ಲಾ ಬರ್ತಾರೇನ?" ಎಂದು ಕಾಕಾ ನನ್ನ ಫೋನಿನಲ್ಲಿ ಇಣುಕಿ ಕೇಳಿದರು. ಗೊತ್ತಿಲ್ಲ ಎಂದೆ. "ಹಂಗಾರ ನಡಿ, ಮಂದ್ರೂಪಕ್ಕ ಹೋಗೋಣು."

ಮಂದ್ರೂಪದಲ್ಲಿ ಮಲ್ಲಿನಾಥನ ದೊಡ್ಡಪ್ಪನ ಮಗ ಇದ್ದ. ಕಬ್ಬಿನ ಗದ್ದೆ, ದೊಡ್ಡ ಮನೆ. ಅಣ್ಣತಮ್ಮಂದಿರ ನಡುವೆ ಮಾತು ನಿಂತು ವರ್ಷಗಳಾಗಿದ್ದವು, ಯಾಕೆಂದು ನಾನು ಕೇಳಿದ್ದಕ್ಕೆ ಕಾಕಾ "ಅದನ್ನ ಕೇಳಿದ್ರ ಇನ್ನೊಂದ ವರ್ಷ ನಿಲ್ಲತೈತಿ" ಎಂದಿದ್ದರು. ರಕ್ತ ಹತ್ತಿರದ್ದು, ಹೊಂದುವ ಸಾಧ್ಯತೆ ಅವನ ಮಕ್ಕಳಲ್ಲಿ ಉಳಿದವರಿಗಿಂತ ತುಸು ಹೆಚ್ಚು. ದಾರಿಯುದ್ದಕ್ಕೂ ನಾನು ವಾದ ಜೋಡಿಸಿಕೊಂಡೆ. ಕಾಕಾ ಒಳಗೆ ಹೋಗಿ ಕೂತವರು ಕೂಸಿನ ಮಾತೇ ತೆಗೆಯಲಿಲ್ಲ. ನೀರು ತಂದ ಮನೆಯಾಕೆಯನ್ನು ಕೇಳಿದರು:

"ನಿನ್ನ ಬಸ್ತಾದಾಗ ಒಂದ ಅಂಜೀರ ಬಣ್ಣದ್ದ ಸೀರಿ ಇತ್ತಲ್ಲವಾ, ಐತೇನ ಇನ್ನ?"

"ಅಯ್ಯ, ಅದ್ಯಾಂಗ ನೆನಪೈತ್ರಿ ನಿಮಗ?"

"ನೀ ಬ್ಯಾಡ ಅಂತ ಅಳಾಕತ್ತಿದ್ದಿ. ಗುಲಾಬಿನ ಬೇಕಂತ ಹಟ. ನಾಗಣಸೂರಿನ ನಿನ್ನ ಸಣ್ಣತ್ತಿ ಇದನ್ನ ನಿನ್ನ ಹೆಗಲ ಮ್ಯಾಲೆ ಹಾಕಿ ಕನ್ನಡ್ಯಾಗ ತೋರಿಸಿದ್ಲು. ಆಮ್ಯಾಲ ನೀ ಅದನ್ನ ಬಿಡಲೇ ಇಲ್ಲ."

ಆಕೆ ಒಳಗೆ ಹೋದಳು. ತಿರುಗಿ ಬರುವಾಗ ಕೈಯಲ್ಲಿ ಆ ಸೀರೆ ಇತ್ತು. ಕಾಕಾ ಅಂಚು ತಿಕ್ಕಿ ನೋಡಿ, "ಛಲೋ ಇಟ್ಟೀದಿ" ಎಂದರು. ಆಮೇಲೆ, ಸೀರೆಯನ್ನೇ ನೋಡುತ್ತ, "ಆ ಸಣ್ಣತ್ತಿ ಮೊಮ್ಮಗಳಿಗಿ ಆರಾಮಿಲ್ಲವಾ" ಎಂದರು. ಮನೆಯ ಯಜಮಾನ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದ. ಉತ್ತರ ಕೊಟ್ಟದ್ದು ಅವನೇ. "ಯಾವಾಗ ಬರಬೇಕ್ರಿ?" ನನ್ನ ವಾದ ನನ್ನಲ್ಲೇ ಉಳಿಯಿತು.

ಯಾವಾಗ, ಎಲ್ಲಿ ಎಂಬುದರ ಮೇಲೆ ನಮ್ಮಿಬ್ಬರದು ದೊಡ್ಡ ಜಗಳವೇ ಆಯಿತು. ಅಕ್ಕಲಕೋಟದಲ್ಲಿ, ಗುರುವಾರ ಎಂದರು ಕಾಕಾ. ಅಲ್ಲಿನ ದೇವಸ್ಥಾನದ ಸ್ವಾಮಿಗಳ ವಾರ, ತಾಲೂಕಿನ ಮಂದಿ ಹೇಗೂ ದರ್ಶನಕ್ಕೆ ಬಂದಿರುತ್ತಾರೆ, ಬೇರೆಯಾಗಿ ಕರೆಯುವುದು ಬೇಡ. ಅವರೂ ಬುದ್ಧಿ ತಿಳಿದಾಗಿನಿಂದ ಗುರುವಾರ ಹಿಡಿದವರು. ಆ ದಿನ ಸಂಜೆ ದೀಪ ಹಚ್ಚುವವರೆಗೆ ಬಾಯಿಗೆ ನೀರು ಬಿಟ್ಟು ಏನೂ ಇಲ್ಲ. ನಾನು ಆಕ್ಷೇಪಗಳನ್ನು ಹಾಕಿದೆ: ಗದ್ದಲ ಹೆಚ್ಚು, ಗಾಡಿ ನಿಲ್ಲಿಸಲು ಜಾಗವಿಲ್ಲ, ಬಂದವರಲ್ಲಿ ಅರ್ಧ ಜನ ದೂರದ ಊರಿನವರು, ಅವಸರದಲ್ಲಿರುತ್ತಾರೆ. ಎಲ್ಲದಕ್ಕೂ ಅವರ ಹತ್ತಿರ ಉತ್ತರವಿತ್ತು. ಆ ದಿನ ಏನು ಅಡ್ಡ ಬರಲಿತ್ತೋ ಅದು ನಮ್ಮಿಬ್ಬರ ಬಾಯಲ್ಲೂ ಬರಲಿಲ್ಲ. ನನಗೆ ಹೊಳೆಯಲಿಲ್ಲ, ಏಕೆಂದರೆ ನಾನು ಎಂದೂ ಉಪವಾಸ ಮಾಡಿದವಳಲ್ಲ. ಅವರಿಗೆ ಹೊಳೆಯಲಿಲ್ಲ, ಏಕೆಂದರೆ ಹತ್ತಿಯ ಕಡ್ಡಿಯನ್ನು ಅವರು ತಿನ್ನುವ ಪದಾರ್ಥದಲ್ಲಿ ಲೆಕ್ಕ ಹಿಡಿದಿರಲಿಲ್ಲ.

ದೇವಸ್ಥಾನದಿಂದ ಸ್ವಲ್ಪ ದೂರದ ಒಂದು ಮಂಗಲ ಕಾರ್ಯಾಲಯ, ಅಂದರೆ ಮದುವೆ ಮಂಟಪ, ಸಿಕ್ಕಿತು. ಮಂದಿ ಬಂದರು. ನಾನು ನಂಬಿರಲಿಲ್ಲ, ಆದರೆ ಬಂದರು. ಟ್ರ್ಯಾಕ್ಟರಿನಲ್ಲಿ ಬಂದರು, ಬಸ್ಸಿನಲ್ಲಿ ಬಂದರು, ಮಂದ್ರೂಪದವನು ಮಕ್ಕಳನ್ನು ಜೀಪಿನಲ್ಲಿ ತುಂಬಿಕೊಂಡು ಬಂದು ಮಲ್ಲಿನಾಥನಿಂದ ದೂರದ ಕಂಬಕ್ಕೆ ಒರಗಿ ನಿಂತ. ಪುಣೆಯಿಂದ ಬಂದ ಹುಡುಗಿ ಮೇಜಿನ ಮೇಲೆ ಕವರು ಜೋಡಿಸಿ, ಕಡ್ಡಿ ಹೊರತೆಗೆದು, ಬಾಯಿ ತೆರೆಯಿರಿ ಎಂದು ಸನ್ನೆ ಮಾಡಿದಳು.

ಮೊದಲು ಕೂತವನು ನಾಗಣಸೂರಿನವನೇ, ಗಟ್ಟಿಮುಟ್ಟಾದ ಆಳು. ಕಡ್ಡಿ ನೋಡಿ ಬಾಯಿ ಮುಚ್ಚಿಕೊಂಡ.

"ಬಾಯಾಗ ಹಾಕ್ತಾರೇನ್ರಿ?"

"ಮತ್ತ ಕಿವ್ಯಾಗ ಹಾಕ್ತಾರೇನ?" ಎಂದರು ಕಾಕಾ.

"ಉಪಾಸ ಐತಲ್ರಿ ಕಾಕಾ. ಗುರುವಾರ."

ಹಿಂದೆ ನಿಂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರದೂ ಗುರುವಾರವೇ. ದರ್ಶನ ಇನ್ನೂ ಆಗಿರಲಿಲ್ಲ. ಒಬ್ಬ ಹೆಂಗಸು ಮುಂದೆ ಬಂದು ತೋಳು ಚಾಚಿದಳು. "ರಕ್ತ ತಗೋರಿ, ಎಷ್ಟ ಬೇಕ ಅಷ್ಟ ತಗೋರಿ. ಎಂಜಲ ಯಾಕ ಬೇಕ್ರಿ ನಿಮಗ? ಎಂಜಲ ಕೊಟ್ಟ ಕೂಸು ಉಳಿಸೂದ ಎಲ್ಯಾರ ಐತೇನ?"

ನಾನು ಕುರ್ಚಿಯ ಮೇಲೆ ನಿಂತೆ. ಮಾತು ನನ್ನ ಕಸುಬು. ಕಡ್ಡಿ ಆಹಾರವಲ್ಲ, ಆಹಾರವಲ್ಲದ್ದು ಉಪವಾಸ ಮುರಿಯುವುದಿಲ್ಲ, ಕೂಸಿನ ಜೀವಕ್ಕಿಂತ ದೊಡ್ಡ ವ್ರತವಿಲ್ಲ, ಹೀಗೆ ಒಂದರ ಮೇಲೊಂದು ಕಟ್ಟಿದೆ. ಸ್ಪರ್ಧೆಯಾಗಿದ್ದರೆ ಬಹುಮಾನ ಬರುತ್ತಿತ್ತು. ಒಬ್ಬ ಹಿರಿಯ ಮೆಚ್ಚುಗೆಯಿಂದ ತಲೆ ತೂಗಿ, "ಭಾಳ ಛಲೋ ಮಾತಾಡ್ತಿ ತಂಗಿ" ಎಂದು ಹೇಳಿ ದರ್ಶನಕ್ಕೆ ಹೊರಟುಹೋದ. ಅವನ ಹಿಂದೆ ನಾಲ್ಕಾರು ಜನ ಹೋದರು. ಬಾಗಿಲ ಬಳಿ ಸವಿತಾ ಕೂಸನ್ನು ಮಲಮಲ್ಲಿನಲ್ಲಿ ಸುತ್ತಿಕೊಂಡು ನಿಂತಿದ್ದಳು; ಹೋಗುವವರಿಗೆ ಅವಳೇ ಸರಿದು ದಾರಿ ಬಿಟ್ಟಳು.

ಆಗ ಕಾಕಾ ಟೋಪಿ ತೆಗೆದು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತರು. ಬಾಯಿ ತೆರೆದರು.

"ಕಾಕಾ, ತುಮಚಂ ವಯ ಬಸತ ನಾಹೀ" ಎಂದಳು ಪುಣೆಯ ಹುಡುಗಿ. ವಯಸ್ಸು ಕೂಡುವುದಿಲ್ಲ. ನಾನು ಬಗ್ಗಿ ಅವರ ಕಿವಿಯಲ್ಲಿ, "ನಿಮ್ದು ಕಸದಾಗ ಹಾಕ್ತಾರ ಕಾಕಾ, ಸುಮ್ನ ಯಾಕ ಉಪಾಸ ಮುರೀತೀರಿ" ಎಂದೆ.

"ಹಾಕಲಿ. ಮಂದಿ ನೋಡ್ಲಿ" ಎಂದರು, ಬಾಯಿ ಮುಚ್ಚದೆ; ಆ ಮಾತು ಅರ್ಧವೇ ಮಾತಾಗಿ ಹೊರಬಂತು. ಹುಡುಗಿ ನನ್ನನ್ನು ನೋಡಿದಳು. ಆಮೇಲೆ ಕಡ್ಡಿಯನ್ನು ಅವರ ಕೆನ್ನೆಯ ಒಳಗೆ ಇಟ್ಟು ನಿಧಾನಕ್ಕೆ ತಿರುಗಿಸಿದಳು. ಇಡೀ ಕಾರ್ಯಾಲಯ ಅದನ್ನು ನೋಡಿತು. ಆ ಮನುಷ್ಯನ ಗುರುವಾರ ಎಂಥದ್ದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವರ ಅಂಗಡಿಯಲ್ಲಿ ಗುರುವಾರ ಬಸ್ತಾ ಆದರೆ ಎಲ್ಲರಿಗೂ ಉಣಬಡಿಸಿ ತಾವು ನಿಂತೇ ಇರುತ್ತಿದ್ದರು.

ಎದ್ದು ಟೋಪಿ ಹಾಕಿಕೊಂಡು ಹೇಳಿದರು: "ಆತು, ನಂದು ಮುರೀತು. ನೀವು ನಾಳಿ ಹಿಡೀರಿ ಉಪಾಸ. ಸ್ವಾಮಿ ಏನಾರ ಕೇಳಿದ್ರ ನನ್ನ ಹೆಸರ ಹೇಳ್ರಿ."

ಕಂಬಕ್ಕೆ ಒರಗಿದ್ದ ಮಂದ್ರೂಪದವನ ಹಿರಿಯ ಮಗಳು ಮೊದಲು ಬಂದಳು. ಆಮೇಲೆ ಸಾಲು ಹತ್ತಿತು. ಎಲ್ಲರೂ ಬಂದರೆಂದು ಹೇಳಿದರೆ ನಾನೂ ಫ್ಲೆಕ್ಸ್ ಬರೆದಂತಾಗುತ್ತದೆ, ಹೋದವರು ಹೋದರು. ಆದರೆ ಮಧ್ಯಾಹ್ನ ಇಳಿಯುವ ಹೊತ್ತಿಗೆ ಪುಣೆಯವರು ತಂದ ಕವರು ತೀರಿದ್ದವು. ಕೊನೆಯದರಲ್ಲಿ ನನ್ನದೂ ಒಂದು.

ಹಿಂತಿರುಗುವಾಗ ಬಸ್‌ಸ್ಟ್ಯಾಂಡಿನಲ್ಲಿ ನಾನು ಭಜಿ ಕಟ್ಟಿಸಿಕೊಂಡು ಬಂದೆ. ಕಾಕಾ ಬೇಡ ಎಂದರು.

"ಉಪಾಸ ಮುರದೈತಿ ಅಂತ ನೀವಽ ಹೇಳೀರಿ. ಮುರದ ಮ್ಯಾಲೆ ಹಸಗೊಂಡ ಕುಂದ್ರೂದು ಯಾವ ಲಾಜಿಕ್ ಕಾಕಾ?"

"ಮುರದದ್ದ ಬ್ಯಾರೆ, ಬಿಟ್ಟದ್ದ ಬ್ಯಾರೆ, ವಕೀಲಸಾಹೇಬ್ರ."

ಸೋಲಾಪುರ ಬರುವವರೆಗೆ ಅದರ ಮೇಲೆ ವಾದ ಮಾಡಿದೆವು. ಅವರು ಖುಷಿಯಲ್ಲಿದ್ದರು. ಕಾರ್ಯಾಲಯದಲ್ಲಿ ಕಂಡ ಒಬ್ಬೊಬ್ಬರ ಹೆಸರೆತ್ತಿ, "ಅವನದು ಹೊಂದತೈತಿ ನೋಡು, ಅವನ ಮೈಬಣ್ಣ ಮಲ್ಲಿನಾಥಂದಽ" ಎನ್ನುತ್ತಿದ್ದರು. ಮೈಬಣ್ಣಕ್ಕೂ ಮಜ್ಜೆಗೂ ಸಂಬಂಧವಿಲ್ಲ ಎಂದು ಹೇಳಲು ಬಾಯಿ ತೆರೆದವಳು ಅದೊಂದು ಸಲ ಹೇಳದೆ ಬಿಟ್ಟೆ.

ಆಮೇಲೆ ಕಾಯುವುದು. ವಾರಗಳು ಹೋದವು. ದಿನಾ ಅಂಗಡಿ ತೆರೆದ ಕೂಡಲೇ ಬೀದಿ ದಾಟಿ ಬಂದು, "ಏನಾರ ಬಂತೇನ?" ಎಂದು ಕೇಳುತ್ತಿದ್ದರು. ಸಂಸ್ಥೆಯವರ ಹತ್ತಿರ ನನ್ನ ನಂಬರಿತ್ತು. ಆಮೇಲಾಮೇಲೆ ಬೀದಿ ದಾಟುವುದನ್ನು ಬಿಟ್ಟು ಗಾದಿಯ ಮೇಲಿಂದಲೇ ಗದ್ದ ಎತ್ತಿ ಕೇಳುತ್ತಿದ್ದರು. ನಾನು ಇಲ್ಲಿಂದಲೇ ತಲೆ ಆಡಿಸುತ್ತಿದ್ದೆ. ಪೇಠೆಯಲ್ಲಿ ಭೇಟಿಯಾದವರೆಲ್ಲ ಕೂಸು ಹೇಗಿದೆ ಎಂದು ಅವರನ್ನು ಕೇಳುತ್ತಿದ್ದರು. ಪಾತ್ರೆ ಅಂಗಡಿಯವರೂ, ಸ್ಕೂಟರ್ ಜಗಳವನ್ನು ಅಷ್ಟು ದಿನ ಪಕ್ಕಕ್ಕಿಟ್ಟು.

ಸಂದೇಶ ಬಂದದ್ದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು. ನಾನು ಬೀದಿ ದಾಟಿದೆ. ಅದನ್ನು ನೋಡಿಯೇ ಅವರಿಗೆ ತಿಳಿಯಿತು. ಆದರೂ ಕೇಳಿದರು.

"ಒಬ್ಬರದೂ?"

"ಒಬ್ಬರದೂ ಇಲ್ರಿ ಕಾಕಾ. ತಮ್ಮ ಹತ್ರ ಇದ್ದ ಉಳಿದ ಊರಿನವರದೂ ನೋಡ್ಯಾರ. ಯಾರದೂ ಹೊಂದಿಲ್ಲ."

ಅವರು ಬಿಚ್ಚಿದ್ದ ಒಂದು ಥಾನನ್ನು ಸುತ್ತಿದರು. ಪೂರ್ತಿ ಸುತ್ತಿ, ತುದಿ ಒಳಗೆ ಸಿಕ್ಕಿಸಿ, ಕಪಾಟಿನಲ್ಲಿ ಇಟ್ಟು ಬಂದರು.

"ನೀ ಗೆದ್ದಿ" ಎಂದರು.

ಚಹಾದ ಮಾತು ಬರಲಿಲ್ಲ.

ಕೊನೆಯ ದಾರಿ ಎಂದಿದ್ದ ಡಾಕ್ಟರು ಅಪ್ಪನ ಅರ್ಧವನ್ನೇ ಹಾಕಲು ತಯಾರಿ ನಡೆಸಿದರು. ಅದಕ್ಕೂ ಮೊದಲು ಕೂಸಿಗೆ ಸೋಂಕು ಹತ್ತಿ ಜ್ವರ ಬಂತು; ಕೂಸು ಉಳಿಯಲಿಲ್ಲ. ಆರೋಹಿ ಪುಣೆಯಿಂದ ನಾಗಣಸೂರಿಗೆ ಅದೇ ಮಲಮಲ್ಲಿನಲ್ಲಿ ಬಂದಳು.

ಕೆಲವು ದಿನ ಕಳೆದು ಕಾಕಾ, "ಬರ್ತಿಯೇನ ನಾಗಣಸೂರಕ್ಕ? ನಿನಗ ಮಾತ ಬರತೈತಿ" ಎಂದರು. ಅಂದು ಗುರುವಾರ ಎಂಬುದು ನನಗೆ ಗೊತ್ತಾದದ್ದು ಅಕ್ಕಲಕೋಟದಲ್ಲಿ ಬಸ್ಸು ಜನಜಂಗುಳಿಗೆ ಸಿಕ್ಕಿ ನಿಂತಾಗ. ಅವರು ಕಿಟಕಿಯಿಂದ ದೇವಸ್ಥಾನದ ದಿಕ್ಕಿಗೆ ನೋಡಲಿಲ್ಲ. ಮುಂದಿನ ಸೀಟಿನ ರೆಕ್ಸಿನ್ ಹರಿದದ್ದನ್ನು ನೋಡುತ್ತ ಕೂತರು.

ಮಲ್ಲಿನಾಥ ಹೊಲಕ್ಕೆ ಹೋಗಿದ್ದ. ಪಡಸಾಲೆಯಲ್ಲಿ ಅವನ ಅವ್ವ, ಅಡುಗೆಮನೆಯ ಹೊಸ್ತಿಲಿಗೆ ಒರಗಿ ಸವಿತಾ. "ಒಲಿ ಮುಂದ ಹೋಗೇ ಇಲ್ರಿ ಆಕಿ. ಪುಣೇದಿಂದ ಬಂದಾಗಿಂದ ಹಿಂಗಽ ಕುಂತಾಳ" ಎಂದಳು ಮುದುಕಿ. ಅಂಗಳದ ಹಗ್ಗದ ಮೇಲೆ ಮಲಮಲ್ಲಿನ ಒಂದು ಚೌಕ ಇನ್ನೂ ತೂಗುತ್ತಿತ್ತು. ಕಾಕಾ ಕೂರುವ ಮೊದಲು ಅದರ ಅಂಚನ್ನು ಬೆರಳಿನಲ್ಲಿ ತಿಕ್ಕಿದರು. "ಮೆತ್ತಗಾಗೈತಿ" ಎಂದರು, ಯಾರಿಗೂ ಅಲ್ಲ.

ಸವಿತಾ ಕೇಳಿದಳು: "ಅಷ್ಟ ಮಂದಿ ಬಂದಿದ್ರಲ್ರಿ ಕಾಕಾ. ಯಾರದೂ ಹೊಂದಲಿಲ್ಲೇನ್ರಿ?"

ಕಾಕಾ ನನ್ನ ಮುಖ ನೋಡಿದರು. ನನಗೆ ಮಾತು ಬರುತ್ತದೆ, ಅದಕ್ಕೇ ಕರೆತಂದಿದ್ದರು. ಯಾಕೆ ಹೊಂದಲಿಲ್ಲ ಎಂಬುದಕ್ಕೆ ನನ್ನಲ್ಲಿ ಸರಿಯಾದ ಉತ್ತರವೂ ಇತ್ತು. ಆ ಉತ್ತರದಲ್ಲಿ ಅವಳಿಗೆ ಕೊಡುವಂಥದ್ದು ಏನೂ ಇರಲಿಲ್ಲ. ನಾನು ನೆಲ ನೋಡಿದೆ. ಮುದುಕಿ ಮೂಗು ಒರೆಸಿಕೊಂಡಳು.

ನಾವು ಏಳಬೇಕೆನ್ನುವಾಗ ಸವಿತಾ ಹೊಸ್ತಿಲು ಹಿಡಿದು ಎದ್ದಳು. "ಉಂಡ ಹೋಗ್ರಿ" ಎಂದಳು. ಒಳಗೆ ಹೋಗಿ, ನೆರೆಮನೆಯಿಂದ ಬಂದಿದ್ದ ರೊಟ್ಟಿ, ಕಡಲೆಹಿಟ್ಟಿನ ಝುಣಕ ಹಾಕಿದ ತಾಟು ತಂದವಳು ಕಾಕಾನ ಮುಂದೆ ಬಗ್ಗಿ, ತಟಕ್ಕನೆ ನಿಂತಳು.

"ಅಯ್ಯ, ಇವತ್ತ ಗುರುವಾರ ಅಲ್ರಿ ನಿಮ್ದು?"

"ಇಡವಾ" ಎಂದರು ಕಾಕಾ.

ಉಂಡರು. ತಣ್ಣಗಾದ ರೊಟ್ಟಿಯನ್ನು ಮುರಿದು ಮುರಿದು ಉಂಡರು. ಮುಗಿದ ಮೇಲೆ ತಾಟನ್ನು ಮುಂದೆ ಸರಿಸಿ, "ಇನ್ನೊಂದ ಹಾಕು. ಬಿಸಿದು ಇದ್ರ ಹಾಕು" ಎಂದರು. ಬಿಸಿಯದು ಇರಲಿಲ್ಲ. ಸವಿತಾ ಅವರ ಮುಖವನ್ನು ನೋಡಿ ಒಳಗೆ ಹೋದಳು. ತುಸು ಹೊತ್ತಿಗೆ ಒಲೆಯ ಹೊಗೆ ಬಂತು, ಆಮೇಲೆ ಹಿಟ್ಟಿನ ಮೇಲೆ ಅಂಗೈ ಬಡಿಯುವ ಸಪ್ಪಳ. ಆ ಸಪ್ಪಳ ಕೇಳಿ ಮುದುಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕಾಕಾ ಖಾಲಿ ತಾಟಿನ ಮುಂದೆ ಕಾಯುತ್ತ ಕೂತರು.

ಬಸ್ಸಿನಲ್ಲಿ ನನ್ನ ಬಾಯಿಯ ತುದಿಗೆ ಹಳೆಯ ವಾದ ಬಂದಿತ್ತು: ಇವತ್ತಿನದು ಮುರಿದದ್ದೋ, ಬಿಟ್ಟದ್ದೋ? ಕೇಳಲಿಲ್ಲ. ಅವರು ತಮ್ಮ ಧೋತರದ ಅಂಚನ್ನೇ ಬೆರಳುಗಳ ನಡುವೆ ಹಿಡಿದು, ಅಕ್ಕಲಕೋಟ ಬಂದರೂ ಹೋದರೂ, ಸೋಲಾಪುರದವರೆಗೆ ಒಂದು ಮಾತೂ ಆಡಲಿಲ್ಲ. ಫ್ಲೆಕ್ಸಿನ 'ಮಿತಭಾಷಿ' ಎಂಬ ಮೂರನೆಯ ಬಿರುದನ್ನು ಆ ಒಂದು ದಾರಿಯ ಮಟ್ಟಿಗೆ ಒಪ್ಪುತ್ತೇನೆ.